ದ್ಯುತಿಸಂಶ್ಲೇಷಣೆಯ ಪ್ರಯೋಗ ಪೆಟ್ಟಿಗೆ: ಸಾಮಾನು ಉತ್ತಮ, ಸೂಚನೆ ಅಪೂರ್ಣ

ಬದಿಯಡ್ಕ ಸಮೀಪದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗಾಗಿ ಹಸಿರು ಸಸ್ಯಗಳು ಬೆಳಕಿನಲ್ಲಿ ಆಹಾರ ತಯಾರಿಸುವ ಬಗೆಯನ್ನು (ದ್ಯುತಿಸಂಶ್ಲೇಷಣೆ) ತೋರಿಸುವ ಈ ಪೆಟ್ಟಿಗೆಯನ್ನು ಕಾಸರಗೋಡು ಪೇಟೆಯ ಅಂಗಡಿಯೊಂದರಿಂದ ತಂದೆವು. ಬೀಕರ್, ಆಲಿಕೆ, ಪ್ರನಾಳಗಳು, ಅಯೋಡಿನ್ ದ್ರಾವಣ, ಎಲೆಗೆ ಸಿಕ್ಕಿಸಲು ಕಪ್ಪು ಕಾಗದ, ಜೊತೆಗೊಂದು ಸೂಚನಾ ಪುಸ್ತಿಕೆ ಇದರಲ್ಲಿವೆ. ಗಾಜು ದಪ್ಪವಾಗಿದ್ದು ಮಕ್ಕಳ ಕೈಯಲ್ಲಿ ಬಾಳುವಂತಿದೆ.

ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಹೈಡ್ರಿಲ್ಲ ಎಂಬ ನೀರುಸಸ್ಯದ ಪ್ರಯೋಗದಲ್ಲಿ. ಗದ್ದೆಯ ತೋಡಿನಿಂದ ತಂದ ಹೈಡ್ರಿಲ್ಲವನ್ನು ನೀರಿನೊಳಗೆ ಆಲಿಕೆಯ ಅಡಿಯಲ್ಲಿರಿಸಿ, ಅದರ ಮೇಲೆ ನೀರು ತುಂಬಿದ ಪ್ರನಾಳವನ್ನು ಕವುಚಿ ಬಿಸಿಲಿಗಿಟ್ಟರೆ, ಕಾಂಡದ ತುಂಡಾದ ತುದಿಯಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತವೆ. ನೆರಳಿಗೆ ಸರಿಸಿದರೆ ನಿಧಾನವಾಗುತ್ತವೆ. ಹಸಿರು ಭಾಗಗಳು ಈ ಅನಿಲವನ್ನು ಬಿಡಲು ಬೆಳಕು ಬೇಕೆಂದು ವಿಜ್ಞಾನಿ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ್ದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ. ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಸಸ್ಯಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ದೊರೆತು ಗುಳ್ಳೆಗಳು ಚುರುಕಾಗುತ್ತವೆ. ಆಟಿಯ (ಮಳೆಗಾಲದ ತಿಂಗಳು) ಮೋಡದ ದಿನಗಳಲ್ಲಿ ಮಾತ್ರ ಇದನ್ನು ಮಾಡಹೋಗಬೇಡಿ. ಹೊರಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನದಲ್ಲ, ನೀರಿನದು ಎಂಬುದನ್ನು ಪುಸ್ತಿಕೆ ಸ್ಪಷ್ಟವಾಗಿ ಹೇಳಿರುವುದು ಮೆಚ್ಚಬೇಕಾದ ಸಂಗತಿ.

ಎಲೆ ತಯಾರಿಸಿದ ಪಿಷ್ಟವನ್ನು ಅಯೋಡಿನ್ ಕಡುನೀಲಿಯಾಗಿಸುವುದರಿಂದ ಗುರುತಿಸುವ ಪರೀಕ್ಷೆಯ ಭಾಗವನ್ನು ಹೀಗೆ ಹೊಗಳಲಾರೆ. ಕಪ್ಪು ಕಾಗದ ಸಿಕ್ಕಿಸುವ ಮೊದಲು ಗಿಡವನ್ನು ಒಂದೆರಡು ದಿನ ಕತ್ತಲಲ್ಲಿ ಇಡಬೇಕೆಂಬ ಮಾತೇ ಪುಸ್ತಿಕೆಯಲ್ಲಿಲ್ಲ. ಹಾಗೆ ಇಡದಿದ್ದರೆ ಎಲೆಯಲ್ಲಿ ಹಿಂದೆಯೇ ಸಂಗ್ರಹವಾಗಿದ್ದ ಪಿಷ್ಟ ಉಳಿದುಕೊಂಡು, ಬೆಳಕು ತಾಗದ ಭಾಗವೂ ಅಯೋಡಿನ್‌ಗೆ ಕಡುನೀಲಿಯಾಗಬಹುದು. ಆಗ ಬೆಳಕಿಲ್ಲದೆಯೂ ಆಹಾರ ತಯಾರಾಗುತ್ತದೆ ಎಂಬ ತಪ್ಪು ತೀರ್ಮಾನಕ್ಕೆ ಮಗು ಬರುತ್ತದೆ. ಇದಕ್ಕಿಂತ ಗಂಭೀರವಾದದ್ದು, ಪತ್ರಹರಿತ್ತನ್ನು (ಎಲೆಯ ಹಸಿರು ಬಣ್ಣದ ವಸ್ತು) ತೆಗೆಯಲು ಆಲ್ಕೊಹಾಲನ್ನು ನೇರವಾಗಿ ಉರಿಯ ಮೇಲೆ ಕಾಯಿಸುತ್ತಿರುವ ಚಿತ್ರ. ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಆಲ್ಕೊಹಾಲಿನ ಆವಿಗೆ ಬೆಂಕಿ ಹತ್ತಲು ಕ್ಷಣ ಸಾಕು. ಉರಿಯನ್ನು ಆರಿಸಿ, ಬಿಸಿನೀರಿನ ಪಾತ್ರೆಯೊಳಗೆ ಆಲ್ಕೊಹಾಲಿನ ಪ್ರನಾಳವನ್ನು ನಿಲ್ಲಿಸುವುದೇ ಸರಿಯಾದ ಕ್ರಮ.

ಸೂಚನೆಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಈ ಎರಡು ತಿದ್ದುಪಡಿಗಳೊಡನೆ ಕನ್ನಡದಲ್ಲಿ ಬರೆದ ಹಾಳೆಯೊಂದನ್ನು ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಸಾಮಾನಿನ ಗುಣಮಟ್ಟಕ್ಕಾಗಿ ಶಾಲೆಗಳು ಇದನ್ನು ಧಾರಾಳವಾಗಿ ಕೊಳ್ಳಬಹುದು. ಆ ಚಿತ್ರವನ್ನು ತಯಾರಕರು ತಿದ್ದುವವರೆಗೆ, ಹಿರಿಯರು ಜೊತೆಗಿಲ್ಲದೆ ಮಕ್ಕಳ ಕೈಗೆ ಕೊಡಬಾರದು.