ಮಕರಕ್ಕೆ ಒಪ್ಪುವ ಬಣ್ಣ: ಜಲವರ್ಣ, ಪೋಸ್ಟರ್ ಕಲರ್, ಅಕ್ರಿಲಿಕ್

ಆನೆಯ ಸೊಂಡಿಲು, ಮೊಸಳೆಯ ದವಡೆ, ಮೀನಿನ ಮೈ, ಕೊನೆಗೆ ಸುರುಳಿ ಸುರುಳಿಯಾಗಿ ಎಲೆಬಳ್ಳಿಯೇ ಆಗಿಬಿಡುವ ಬಾಲ: ವರುಣನಿಗೂ ಗಂಗೆಗೂ ವಾಹನವಾದ ಮಕರವನ್ನು ನಮ್ಮ ಶಿಲ್ಪಿಗಳು ಕಂಡದ್ದು ಹೀಗೆ. ಬಾಗಲಕೋಟೆ ಜಿಲ್ಲೆಯವರು ಮಾದರಿಗಾಗಿ ದೂರ ಹೋಗಬೇಕಿಲ್ಲ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕೋಷ್ಠಗಳ (ಗೋಡೆಯಲ್ಲಿ ಮೂರ್ತಿ ನಿಲ್ಲಿಸುವ ಗೂಡುಗಳ) ಮೇಲೆ ಮಕರತೋರಣಗಳಿವೆ, ಅಂದರೆ ಮಕರಗಳಿಂದ ಹೊಮ್ಮುವ ಕಮಾನುಗಳು. ಅಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡ ಒಂದೇ ರೇಖಾಚಿತ್ರವನ್ನು ಮೂರು ಹಾಳೆಗಳಿಗೆ ಇಳಿಸಿ, ಮೂರು ಬಗೆಯ ಬಣ್ಣಗಳಲ್ಲಿ ತುಂಬಿ ನೋಡಿದ್ದೇನೆ. ಮಕರ ನೀರಿನ ಪ್ರಾಣಿಯಾದರೂ ನಮಗೆ ಪರಿಚಯವಾದದ್ದು ಮಲಪ್ರಭೆಯ ದಂಡೆಯ ಕೆಂಪು ಮರಳುಗಲ್ಲಿನಲ್ಲಿ. ಆದ್ದರಿಂದ ನೀರಿನ ಚಲನೆ ಮತ್ತು ಕಲ್ಲಿನ ಒರಟುತನ ಇವೆರಡನ್ನೂ ಒಟ್ಟಿಗೆ ಹಿಡಿಯಬಲ್ಲ ಬಣ್ಣ ಯಾವುದು ಎಂಬುದೇ ನನ್ನ ಅಳತೆಗೋಲು.

ಪೋಸ್ಟರ್ ಕಲರ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಒಣಗಿದ ಮೇಲೆ ಹೊಳಪಿಲ್ಲದ ಮೈ ಕೊಡುತ್ತದೆ. ಹೊಳಪಿಲ್ಲದಿರುವುದು ಮರಳುಗಲ್ಲಿಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಮೀನಿನ ಮೈಯ ಹುರುಪೆಗಳಿಗೆ ನೆರಳು ಕೊಡಲು ಎರಡನೆಯ ಪದರ ಹಚ್ಚಿದರೆ ಕೆಳಗಿನ ಬಣ್ಣ ಮತ್ತೆ ಕರಗಿ ಮೇಲಿನದರೊಡನೆ ಕಲೆಯುತ್ತದೆ, ಅಂಚುಗಳು ಮಸುಕಾಗುತ್ತವೆ. ದಪ್ಪವಾಗಿ ಹಚ್ಚಿದಲ್ಲಿ ಬಿರುಕು ಬಿಡುವುದೂ ಉಂಟು.

ಅಕ್ರಿಲಿಕ್‌ನಲ್ಲಿ ಈ ತೊಂದರೆ ಇಲ್ಲ. ಒಮ್ಮೆ ಒಣಗಿದ ಪದರ ನೀರಿಗೆ ಕರಗದ ಕಾರಣ ಕಡುಗೆಂಪಿನ ಮೇಲೆ ತಿಳಿಹಳದಿಯನ್ನು ನಿಶ್ಚಿಂತೆಯಿಂದ ಹಚ್ಚಬಹುದು, ದವಡೆಯ ಹಲ್ಲುಗಳನ್ನು ಕೊನೆಯಲ್ಲಿ ಬರೆಯಬಹುದು. ತೊಡಕು ನಮ್ಮ ಹವೆಯದು: ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ದಿನಗಳಲ್ಲಿ ಪ್ಯಾಲೆಟ್‌ನ ಮೇಲೆಯೇ ಬಣ್ಣ ಗಟ್ಟಿಯಾಗುತ್ತದೆ, ಬ್ರಶ್ ತಕ್ಷಣ ತೊಳೆಯದಿದ್ದರೆ ಕೆಡುತ್ತದೆ, ಬಾಲದ ಸುರುಳಿಯಲ್ಲಿ ಒಂದು ಬಣ್ಣವನ್ನು ಇನ್ನೊಂದಕ್ಕೆ ಮೆಲ್ಲಗೆ ಬೆರೆಸಲು ಬಿಡುವೇ ಸಿಗುವುದಿಲ್ಲ. ಒಣಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ಕಿನಂಥ ಹೊಳಪು ಕಲ್ಲಿನ ಭಾವವನ್ನು ಕೆಡಿಸುತ್ತದೆ; ಹೊಳಪು ತಗ್ಗಿಸುವ ದ್ರವವಾದ ಮ್ಯಾಟ್ ಮೀಡಿಯಂ ಬೆರೆಸಿದರೆ ಅದನ್ನು ತಗ್ಗಿಸಬಹುದು. ಶಾಲೆಯ ಗೋಡೆಯ ಮೇಲೆ ಮಕರವನ್ನು ಬರೆಯುವವರಿಗೆ ನಾನು ಅಕ್ರಿಲಿಕ್ಕನ್ನೇ ಹೇಳುತ್ತೇನೆ, ಹಾಳೆಗೆ ಅಲ್ಲ.

ಹಾಳೆಗೆ ಜಲವರ್ಣವೇ ಸರಿ. ಇದರಲ್ಲಿ ಬೆಳಕೆಂದರೆ ಹಾಳೆಯ ಬಿಳುಪೇ ಆದ್ದರಿಂದ ಹಲ್ಲು, ಕಣ್ಣು, ಸೊಂಡಿಲಿನ ಏಣುಗಳನ್ನು ಮೊದಲೇ ಬಿಟ್ಟುಕೊಂಡು ಹೋಗಬೇಕು. ತಾಳ್ಮೆ ಬೇಡುತ್ತದೆ ನಿಜ. ಆದರೆ 300 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಒರಟು ಹಾಳೆಯ ಮೇಲೆ ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾವನ್ನೂ ಅಲ್ಟ್ರಾಮರೀನ್ ನೀಲಿಯನ್ನೂ ಒದ್ದೆಯಲ್ಲೇ ಬೆರೆಸಿದಾಗ ನೀಲಿಯ ಕಣಗಳು ಹಾಳೆಯ ಸಣ್ಣ ಗುಂಡಿಗಳಲ್ಲಿ ಇಳಿದು ನಿಲ್ಲುತ್ತವೆ, ಯಾವ ಬ್ರಶ್ಶೂ ಬರೆಯಲಾರದ ಮರಳುಗಲ್ಲಿನ ಕಣಕಣವಾದ ಮೈ ತಾನಾಗಿ ಮೂಡುತ್ತದೆ. ಇದನ್ನು ನೋಡಿದಾಗ ನನಗಾದ ಸಂತೋಷ ಉಳಿದೆರಡು ಹಾಳೆಗಳಲ್ಲಿ ಆಗಲಿಲ್ಲ. ಮೈ ಮೀನಾಗಿದ್ದದ್ದು ಬಳ್ಳಿಯಾಗುವ ತಾವನ್ನು ಒದ್ದೆಯ ಮೇಲೆ ಒದ್ದೆ ಹಚ್ಚಿ ಗೆರೆಯಿಲ್ಲದೆ ದಾಟಿಸಲೂ ಸಾಧ್ಯವಾಯಿತು; ಶಿಲ್ಪಿ ಕಲ್ಲಿನಲ್ಲಿ ಸಾಧಿಸಿದ್ದೂ ಇದನ್ನೇ. ಒಣಗಿದ ಮೇಲೆ ಜಲವರ್ಣ ತುಸು ತಿಳಿಯಾಗುವುದರಿಂದ ನೆರಳನ್ನು ಕಣ್ಣಿಗೆ ಬೇಕೆನಿಸಿದ್ದಕ್ಕಿಂತ ಒಂದು ಮಟ್ಟ ಗಾಢವಾಗಿ ಹಚ್ಚಬೇಕು. ಕಣ್ಣಿನ ಮಿಂಚು ತಪ್ಪಿಹೋಗಿದ್ದರೆ ಅಲ್ಲಿಗೆ ಬಿಳಿ ಪೋಸ್ಟರ್ ಕಲರಿನ ಒಂದು ಚುಕ್ಕೆಯಿಡಲು ನಾನು ಹಿಂಜರಿಯುವುದಿಲ್ಲ.