ಹೆಡ್‌ಫೋನ್ ಆಂಪ್ ಕಿಟ್ ತರಿಸುವ ಮುಂಚೆ ಇದನ್ನೊಮ್ಮೆ ಓದಿ: ಐಸಿ ನಕಲಿ ಅವರದ್ದು, ತಪ್ಪು ಮಾತ್ರ ನಮ್ಮದಂತೆ

ಹೊಸದಾಗಿ ಸೋಲ್ಡರಿಂಗ್ ಕಲಿಯುತ್ತಿರುವವರು, ಮೊದಲ ಸಲ ಏನಾದರೂ ಮಾಡೋಣ ಅಂತ ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್ ಹುಡುಕುತ್ತಿರುವವರು, ದಯವಿಟ್ಟು ಪೂರ್ತಿ ಓದಿ. ಆನ್‌ಲೈನ್‌ನಲ್ಲಿ ಮಾರುವ ಒಬ್ಬರಿಂದ ನಾನು ಕಿಟ್ ತರಿಸಿದೆ. ಅದರಲ್ಲಿದ್ದ ಐಸಿ, ಅಂದರೆ ಸದ್ದನ್ನು ಹೆಚ್ಚಿಸುವ ಮುಖ್ಯ ಚಿಪ್, ನಕಲಿ. ಅದೊಂದು ಮೋಸ. ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕಲ್ಲ. ವಾರಗಟ್ಟಲೆ "ನಿಮ್ಮ ಸೋಲ್ಡರಿಂಗ್ ಸರಿ ಇಲ್ಲ ಸರ್" ಅಂತ ಹೇಳಿ ಹೇಳಿ, ನನ್ನ ಕೈಯೇ ಕೆಟ್ಟದ್ದು ಅಂತ ನನ್ನನ್ನೇ ನಂಬಿಸಿಬಿಟ್ಟರಲ್ಲ, ಅದಕ್ಕೆ.

ಕಿಟ್ ಯಾವುದು ಅಂದರೆ ಸಿಮೋಯ್ ಥರದ್ದು, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಹೆಡ್‌ಫೋನ್ ಆಂಪ್. ಈ ಹವ್ಯಾಸ ಇರುವವರಿಗೆ ಗೊತ್ತೇ ಇರುತ್ತದೆ. 9 ವೋಲ್ಟ್ ಬ್ಯಾಟರಿ ಒಂದು, ಎರಡು ಚಾನೆಲ್‌ಗೂ ಸೇರಿ ಎಂಟು ಕಾಲಿನ ಒಂದೇ ಐಸಿ, ಒಂದು ಹಿಡಿ ರೆಸಿಸ್ಟರ್, ಕೆಲವು ಕೆಪಾಸಿಟರ್. ಎರಡು 4.7 ಕೆ (ಕಿಲೋ ಓಮ್) ರೆಸಿಸ್ಟರ್ ಬ್ಯಾಟರಿಯನ್ನು ನಡುವೆ ಸೀಳಿ 4.5 - 4.5 ವೋಲ್ಟ್ ಮಾಡುತ್ತವೆ. ಆ ನಡುವಿನ ಜಾಗವೇ ವರ್ಚುವಲ್ ಗ್ರೌಂಡ್, ಅಂದರೆ ಸರ್ಕ್ಯೂಟ್ ಸೊನ್ನೆ ವೋಲ್ಟ್ ಅಂತ ಇಟ್ಟುಕೊಳ್ಳುವ ಜಾಗ. ಮುಂದೆ ಗ್ರೌಂಡ್ ಅಂದದ್ದೆಲ್ಲ ಇದೇ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಮಾರುವವರ ಪಟ್ಟಿಯಲ್ಲಿ ಐಸಿಯ ಹೆಸರು ದಪ್ಪ ಅಕ್ಷರದಲ್ಲಿ ಬರೆದಿತ್ತು: "ಒರಿಜಿನಲ್ ಒಪಿಎ 2134". ನಾನು ಬೇರೆ ಕಿಟ್‌ಗಳನ್ನು ಬಿಟ್ಟು ಇದನ್ನೇ ತೆಗೆದುಕೊಂಡದ್ದು ಆ ಒಂದು ಸಾಲು ನೋಡಿ. ಆ ಒಂದೇ ಸಾಲು!

ಜೋಡಿಸಿದೆ. ಪ್ರತಿ ರೆಸಿಸ್ಟರನ್ನೂ ಮೀಟರ್‌ನಲ್ಲಿ ಅಳೆದೇ ಹಾಕಿದ್ದೆ. ಕೆಪಾಸಿಟರ್‌ಗಳ ಪ್ಲಸ್ ಮೈನಸ್ ನೋಡಿದ್ದೆ, ಐಸಿಯ ಕಚ್ಚು ಬೋರ್ಡಿನ ಗುರುತಿಗೆ ಸರಿಯಾಗಿ ಕೂತಿತ್ತು. ಹೆಡ್‌ಫೋನ್ ಚುಚ್ಚಿದ ತಕ್ಷಣ ಕಿವಿಯಲ್ಲಿ "ಧಪ್" ಅಂತ ಏಟು. ಆಮೇಲೆ ಹಾಡು ಬಂತು, ಆದರೆ ಒಡೆದು ಹೋದ ಧ್ವನಿ. ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿದರೆ ಬರೀ ಗರಗರ. ಫೋನಿಗೆ ನೇರವಾಗಿ ಹಾಕಿದರೆ ಅದೇ ಹೆಡ್‌ಫೋನ್ ಚೆನ್ನಾಗಿ ಕೇಳುತ್ತದೆ.

ಮಾರಿದವರಿಗೆ ಬರೆದೆ. ಬಂದ ಉತ್ತರಗಳನ್ನು ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ಬ್ಯಾಟರಿ ವೀಕ್ ಇರುತ್ತೆ ಸರ್, ಚೇಂಜ್ ಮಾಡಿ ನೋಡಿ."

ಬ್ಯಾಟರಿ ಹೊಸದು, ಮೀಟರ್‌ನಲ್ಲಿ 9.2 ತೋರಿಸುತ್ತಿತ್ತು. ಫೋಟೋ ಕಳಿಸಿದೆ.

"ಸರ್ ನೀವು ಹೊಸಬರಲ್ವಾ? ಮೊದಲನೇ ಸಲ ಎಲ್ಲರಿಗೂ ಹೀಗೇ ಆಗುತ್ತೆ. ಡ್ರೈ ಸೋಲ್ಡರ್ ಇರುತ್ತೆ. ಎಲ್ಲ ಜಾಯಿಂಟ್ ಇನ್ನೊಂದು ಸಲ ಬಿಸಿ ಮಾಡಿ."

ಮಾಡಿದೆ. ಏನೂ ಬದಲಾಗಲಿಲ್ಲ. ಮತ್ತೆ ಬರೆದೆ. "ಇನ್ನೂ ಸ್ವಲ್ಪ ಚೆನ್ನಾಗಿ ಕಾಯಿಸಿ ಸರ್, ಸೀಸ ಪೂರ್ತಿ ಕರಗಬೇಕು." ಅದನ್ನೂ ಮಾಡಿದೆ. ಹೀಗೆ ಪದೇ ಪದೇ ಕಾಯಿಸಿದರೆ ಏನಾಗುತ್ತದೆ ಅಂತ ಕೆಲಸ ಬಲ್ಲವರಿಗೆ ಗೊತ್ತು. ಒಂದು ಕಡೆ ತಾಮ್ರದ ಪ್ಯಾಡ್ ಬೋರ್ಡಿನಿಂದ ಎದ್ದು ಬಂತು. ಚಿಕ್ಕ ತಂತಿ ಹಾಕಿ ಅದನ್ನು ಸರಿ ಮಾಡಿಕೊಂಡೆ. ಬೋರ್ಡಿನ ಫೋಟೋ ಕಳಿಸಿ ಅಂದರು, ಕಳಿಸಿದೆ. ಆಗ ಬಂದ ಉತ್ತರ ಇದು:

"ನೋಡಿ ಸರ್, ಪ್ಯಾಡ್ ಎದ್ದಿದೆ. ನೀವೇ ಜಾಸ್ತಿ ಬಿಸಿ ಕೊಟ್ಟು ಬೋರ್ಡ್ ಹಾಳು ಮಾಡಿದ್ದೀರಿ. ಐಸಿ ಕೂಡ ಸುಟ್ಟಿರುತ್ತೆ. ಸೋಲ್ಡರ್ ಮಾಡಿದ ಕಿಟ್‌ಗೆ ರಿಟರ್ನ್ ಇರಲ್ಲ."

ಕಾಯಿಸಿ ಅಂದವರು ಯಾರು? ಇನ್ನೂ ಕಾಯಿಸಿ ಅಂದವರು ಯಾರು? ಅವರೇ. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ನನ್ನ ಕೈಯಿಂದಲೇ ಬೋರ್ಡ್ ಕೆಡಿಸಿ, ಅದೇ ಫೋಟೋವನ್ನು ನನಗೇ ಸಾಕ್ಷಿ ಅಂತ ತೋರಿಸಿದರು. ಅದನ್ನು ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ಮನೆಯವರ ಮುಂದೆ, ಸ್ನೇಹಿತರ ಮುಂದೆ "ನನ್ನಿಂದ ಆಗಲಿಲ್ಲ" ಅಂತ ಹೇಳಿಕೊಂಡು ಓಡಾಡಿದ್ದೆ. ಸೋಲ್ಡರಿಂಗ್ ಬಿಟ್ಟೇ ಬಿಡೋಣ ಅಂತ ಕೂಡ ಅನ್ನಿಸಿತ್ತು.

ಇನ್ನೊಂದು ವಿಷಯ ಗಮನಿಸಿ. ಐಸಿ ಸುಟ್ಟಿದೆ ಅಂದರಲ್ಲ? ಈ ಕಿಟ್‌ನಲ್ಲಿ ಐಸಿಗೆ ಸೋಲ್ಡರಿಂಗ್ ಐರನ್ ತಾಗುವುದೇ ಇಲ್ಲ. ಬೋರ್ಡಿಗೆ ಸೋಲ್ಡರ್ ಆಗುವುದು ಸಾಕೆಟ್. ಐಸಿ ಕೊನೆಯಲ್ಲಿ ಅದರೊಳಗೆ ಒತ್ತಿ ಕೂರಿಸುವುದು. ಜಾಯಿಂಟ್ ಕಾಯಿಸುವಾಗೆಲ್ಲ ನಾನು ಅದನ್ನು ಹೊರಗೆ ತೆಗೆದೇ ಇಟ್ಟಿದ್ದೆ. ತಾವೇ ಮಾರುವ ಕಿಟ್‌ನಲ್ಲಿ ಸಾಕೆಟ್ ಇದೆ ಅಂತ ಅವರಿಗೆ ಗೊತ್ತಿಲ್ಲವಾ? ಗೊತ್ತಿದೆ. ಹೊಸಬನಿಗೆ ಇದೆಲ್ಲ ಹೊಳೆಯುವುದಿಲ್ಲ ಅಂತ ಲೆಕ್ಕ ಹಾಕಿ ಬರೆದ ಉತ್ತರ ಅದು.

ಸಿಟ್ಟಿಗೇ ಕೂತು ಮೀಟರ್ ಹಿಡಿದು ಒಂದೊಂದೇ ಅಳೆದೆ. ಈ ಭಾಗವನ್ನು ನಿಧಾನವಾಗಿ ಓದಿ, ನಿಮಗೂ ಬೇಕಾಗುತ್ತದೆ.

ಹೆಡ್‌ಫೋನ್ ಇಲ್ಲದಿರುವಾಗ ಪವರ್ ಸರಿಯಾಗಿತ್ತು. ಗ್ರೌಂಡಿನಿಂದ ಆ ಕಡೆ 4.6, ಈ ಕಡೆ 4.6. ಹೆಡ್‌ಫೋನ್ ಚುಚ್ಚಿದ ಕೂಡಲೇ ಒಂದು ಕಡೆ 7ರ ಹತ್ತಿರ, ಇನ್ನೊಂದು ಕಡೆ 2ರ ಹತ್ತಿರ! ಧ್ವನಿ ಒಡೆಯುತ್ತಿದ್ದದ್ದು ಇದರಿಂದಲೇ. ಅಲೆಯ ಅರ್ಧ ಭಾಗಕ್ಕೆ ಓಡಾಡಲು ಜಾಗವೇ ಇಲ್ಲ. ಗ್ರೌಂಡ್ ಹೀಗೆ ವಾಲುವುದು ಯಾಕೆ? ಔಟ್‌ಪುಟ್‌ನಲ್ಲಿ ಡಿಸಿ (ಹಾಡಿನ ಹಾಗೆ ಏರಿಳಿಯದೆ ಒಂದೇ ಸಮ ನಿಲ್ಲುವ ವೋಲ್ಟೇಜ್) ಇದ್ದರೆ ಅದು ಹೆಡ್‌ಫೋನ್ ಮೂಲಕ ಗ್ರೌಂಡಿಗೆ ಸೇರುತ್ತದೆ, ಬಡಪಾಯಿ 4.7 ಕೆ ರೆಸಿಸ್ಟರ್‌ಗಳು ಅದನ್ನು ತಡೆಯಲಾರವು. ಸರಿ ಅಂತ ಹೆಡ್‌ಫೋನ್ ತೆಗೆದು, ಹಾಡು ನಿಲ್ಲಿಸಿ, ಜ್ಯಾಕಿನ ಹತ್ತಿರ ಡಿಸಿ ಅಳೆದೆ. ಎಡಕ್ಕೆ ಮೈನಸ್ 198 ಮಿಲಿವೋಲ್ಟ್. ಬಲಕ್ಕೆ ಮೈನಸ್ 207. ವಾಲ್ಯೂಮ್ ತಿರುಗಿಸಿದರೂ ಅಷ್ಟೇ. ಇಂಥ ಆಂಪ್‌ನಲ್ಲಿ ಅದು ಕೆಲವೇ ಮಿಲಿವೋಲ್ಟ್ ಇರಬೇಕು, 20 ದಾಟಬಾರದು.

ಎರಡೂ ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ, ಒಂದೇ ದಿಕ್ಕು. ಸೋಲ್ಡರ್ ಕೆಟ್ಟಿದ್ದರೆ ಎರಡೂ ಕಡೆ ಒಂದೇ ಥರ ಕೆಡುತ್ತದಾ? ಅಲ್ಲೇ ಅನುಮಾನ ಬಂತು.

ಐಸಿಯ ಇನ್‌ಪುಟ್ ಕಾಲಿನಿಂದ ಗ್ರೌಂಡಿಗೆ 100 ಕೆ ರೆಸಿಸ್ಟರ್ ಇರುತ್ತದೆ. ಒಪಿಎ 2134 ಒಳಗೆ ಇರುವುದು ಫೆಟ್ ಅನ್ನುವ ಜಾತಿಯ ಟ್ರಾನ್ಸಿಸ್ಟರ್ ಇನ್‌ಪುಟ್. ಆ ಕಾಲು ಎಳೆಯುವ ಕರೆಂಟ್ ಡೇಟಾಶೀಟ್ (ಕಂಪನಿ ಕೊಡುವ ವಿವರ ಪತ್ರ) ಪ್ರಕಾರ ಸಾಮಾನ್ಯವಾಗಿ 5 ಪಿಕೊ ಆಂಪಿಯರ್, ಅಂದರೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಎನ್‌ಇ 5532 ಥರದ ಬೈಪೋಲಾರ್ (ಇನ್ನೊಂದು ಜಾತಿಯ ಟ್ರಾನ್ಸಿಸ್ಟರ್ ಇರುವ) ಐಸಿ 200 ನ್ಯಾನೊ ಆಂಪಿಯರ್ ಆಸುಪಾಸು ಎಳೆಯುತ್ತದೆ. 100 ಕೆ ಮೇಲೆ ಅದು 20 ಮಿಲಿವೋಲ್ಟ್ ಆಯಿತು. ಈ ಕಿಟ್‌ನ ಗೇನ್ 11, ಅಂದರೆ ಒಳಗೆ ಬಂದದ್ದು ಹನ್ನೊಂದು ಪಟ್ಟಾಗಿ ಹೊರಗೆ ಹೋಗುತ್ತದೆ. ಗುಣಿಸಿ ನೋಡಿ, 220. ನನ್ನ ಮೀಟರ್ ತೋರಿಸಿದ್ದು ಹೆಚ್ಚುಕಡಿಮೆ ಅದನ್ನೇ!

ಖಚಿತ ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಒಂದು ತಂತಿಯ ತುಂಡಿನಿಂದ ಆ 100 ಕೆ ರೆಸಿಸ್ಟರ್‌ನ ಎರಡು ತುದಿಗಳನ್ನು ಸೇರಿಸಿ, ಔಟ್‌ಪುಟ್ ಡಿಸಿ ನೋಡುತ್ತಿರಿ. ತಂತಿ ತಾಗಿಸಿದೆ, 198 ಇದ್ದದ್ದು 3ಕ್ಕೆ ಬಿತ್ತು. ತೆಗೆದೆ, ಮತ್ತೆ 198. ಇನ್ನೊಂದು ಚಾನೆಲ್‌ನಲ್ಲೂ ಹಾಗೇ. ಅಂದರೆ ನನ್ನ ಜಾಯಿಂಟ್ ಸರಿ ಇದೆ, ರೆಸಿಸ್ಟರ್ ಸರಿ ಇದೆ, ಎಲ್ಲ ಸರಿ ಇದೆ. ಆ ಐಸಿ ಒಪಿಎ 2134 ಅಲ್ಲವೇ ಅಲ್ಲ.

ಆಮೇಲೆ ಹತ್ತಿಗೆ ಅಸಿಟೋನ್ ಹಾಕಿ ಐಸಿಯ ಬೆನ್ನು ಉಜ್ಜಿದೆ. ಅಕ್ಷರ ಅಳಿಸಿ ಹತ್ತಿಗೆ ಬಂತು, ಜೊತೆಗೆ ಕಪ್ಪು ಬಣ್ಣವೂ ಬಂತು. ಕೆಳಗೆ ಒಂದೇ ದಿಕ್ಕಿಗೆ ಎಳೆದ ಗೀರುಗಳು, ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕಿದ್ದು. ಹಳೆಯ ಹೆಸರು ತಿಕ್ಕಿ ತೆಗೆದು, ಬಣ್ಣ ಬಳಿದು, ಹೊಸ ಹೆಸರು ಅಚ್ಚು ಹಾಕಿದ್ದಾರೆ. ಬರೀ ಅಕ್ಷರ ಅಳಿಸಿದರೆ ನಕಲಿ ಅಂತ ಹೇಳುವುದಕ್ಕಾಗುವುದಿಲ್ಲ, ಇಂಕಿನಲ್ಲಿ ಅಚ್ಚು ಮಾಡಿದ ಅಸಲಿ ಐಸಿಗಳೂ ಇವೆ. ಬಣ್ಣದ ಪದರ, ಅದರ ಕೆಳಗೆ ಗೀರು, ಮೇಲಿಂದ ಆ 198 ಮಿಲಿವೋಲ್ಟ್, ಇಷ್ಟೂ ಸೇರಿದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿದೆ?

ಇದೆಲ್ಲದರ ಫೋಟೋ, ವಿಡಿಯೋ ಅವರಿಗೆ ಕಳಿಸಿದೆ. ಬಂದ ಉತ್ತರ:

"ಅಸಿಟೋನ್ ಹಾಕಿದ್ರೆ ಯಾವ ಐಸಿ ಆದ್ರೂ ಹಾಳಾಗುತ್ತೆ ಸರ್."

ಅಳತೆ ಮಾಡಿದ್ದು ಅಸಿಟೋನ್ ಹಾಕುವ ಮುಂಚೆ, ವಿಡಿಯೋದಲ್ಲೇ ಇದೆ ನೋಡಿ ಅಂದೆ.

"ನಮಗೆ ಬಂದಿದ್ದನ್ನೇ ನಾವು ಪ್ಯಾಕ್ ಮಾಡೋದು. ತುಂಬ ಜನ ತಗೊಂಡಿದ್ದಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ."

ಯಾರೂ ಮಾಡಿಲ್ಲವಂತೆ! ಹೇಗೆ ಮಾಡುತ್ತಾರೆ? ತೆಗೆದುಕೊಂಡವರೆಲ್ಲ ನನ್ನ ಹಾಗೆ ಹೊಸಬರು. ತಮ್ಮ ಕೈಯದ್ದೇ ತಪ್ಪು ಅಂತ ಬೋರ್ಡನ್ನು ಡಬ್ಬಿಗೆ ಹಾಕಿ ಸುಮ್ನೆ ಆಗಿರುತ್ತಾರೆ. ಕೊನೆಗೆ ಒಂದು ಮಾತು ಬಂತು: "ಅದು ಈಕ್ವಿವಲೆಂಟ್ ಐಸಿ ಸರ್, ಅದೇ ಕೆಲಸ ಮಾಡುತ್ತೆ." ಅಂದರೆ ಗೊತ್ತಿತ್ತು! ಮೊದಲಿನಿಂದ ಗೊತ್ತಿತ್ತು! ಗೊತ್ತಿದ್ದೂ ನನ್ನ ಕೈಯಲ್ಲಿ ಜಾಯಿಂಟ್ ಕಾಯಿಸುತ್ತಾ ಕೂರಿಸಿದರು. 5532 ಒಳ್ಳೆಯ ಐಸಿಯೇ, ಅದಕ್ಕೆ ತಕ್ಕಂತೆ ಮಾಡಿದ ಸರ್ಕ್ಯೂಟ್‌ನಲ್ಲಿ. ಇಲ್ಲಿ ಅದನ್ನು ಹಾಕಿದರೆ ಹೆಡ್‌ಫೋನ್‌ಗೆ ಡಿಸಿ ಹೋಗುತ್ತದೆ. ಈ ಕಿಟ್‌ನ ಔಟ್‌ಪುಟ್‌ನಲ್ಲಿ ಅದನ್ನು ತಡೆಯುವ ಕೆಪಾಸಿಟರ್ ಕೂಡ ಇಲ್ಲ. ಅದಾದ ಮೇಲೆ ಅವರಿಂದ ಉತ್ತರವೇ ಇಲ್ಲ.

ಸೋಲ್ಡರ್ ಮಾಡಿದ ಕಿಟ್‌ಗೆ ರಿಟರ್ನ್ ಇಲ್ಲ ಅನ್ನುವ ಆ ನಿಯಮ ನೋಡಿ ಎಷ್ಟು ಅನುಕೂಲ ಅವರಿಗೆ. ಸೋಲ್ಡರ್ ಮಾಡದೆ ಐಸಿ ಹೇಗಿದೆ ಅಂತ ಹೊಸಬನಿಗೆ ಗೊತ್ತಾಗುವುದಿಲ್ಲ. ಸೋಲ್ಡರ್ ಮಾಡಿದ ಮೇಲೆ ವಾಪಸ್ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕಿಟ್ ಬೇಕಾದರೆ ಐಸಿ ಇಲ್ಲದ ಕಿಟ್ ತೆಗೆದುಕೊಳ್ಳಿ. ಐಸಿಯನ್ನು ಕಂಪನಿಯ ಅಧಿಕೃತ ವಿತರಕರಿಂದ ಬೇರೆಯಾಗಿ ತರಿಸಿ. ಬ್ಯಾಟರಿ ಹಾಕಿದ ಮೇಲೆ ಮೊದಲ ಕೆಲಸ ಔಟ್‌ಪುಟ್ ಡಿಸಿ ಅಳೆಯುವುದು. ಹೆಡ್‌ಫೋನ್ ಆಮೇಲೆ, ಅದೂ ಮೊದಲು ಹಳೆಯದ್ದೊಂದು. ಮಾರಿದವರು ಏನೇ ಹೇಳಲಿ, ಅಳೆಯದೆ ಒಂದೇ ಒಂದು ಜಾಯಿಂಟ್ ಕೂಡ ಮತ್ತೆ ಕಾಯಿಸಬೇಡಿ. "ನೀವು ಹೊಸಬರಲ್ವಾ" ಅಂತ ಮಾತು ಶುರು ಮಾಡಿದರೆ ಅಲ್ಲಿಗೇ ಎಚ್ಚರವಾಗಿ, ಎಲ್ಲ ಮೆಸೇಜ್ ಉಳಿಸಿಕೊಳ್ಳಿ.

ನಾನು ಅಧಿಕೃತ ವಿತರಕರಿಂದ ಅಸಲಿ 2134 ತರಿಸಿ ಅದೇ ಸಾಕೆಟ್‌ಗೆ ಕೂರಿಸಿದೆ. ಅದೇ ಬೋರ್ಡ್, ಅವರು "ಹಾಳು ಮಾಡಿದ್ದೀರಿ" ಅಂದ ಅದೇ ಜಾಯಿಂಟ್‌ಗಳು, ಪ್ಯಾಡ್ ಎದ್ದ ಜಾಗದಲ್ಲಿ ಅದೇ ತಂತಿ. ಎಡಕ್ಕೆ 4 ಮಿಲಿವೋಲ್ಟ್, ಬಲಕ್ಕೆ 2. ಹೆಡ್‌ಫೋನ್ ಚುಚ್ಚಿದರೂ ಗ್ರೌಂಡ್ ಅಲುಗಲಿಲ್ಲ. ಹಾಡು ಒಡೆಯದೆ ಬಂತು. ಈ ಅಂಕಿಗಳನ್ನೂ ಅವರಿಗೆ ಕಳಿಸಿದ್ದೇನೆ. ಓದಿದ್ದಾರೆ ಅಂತ ತೋರಿಸುತ್ತಿದೆ, ಉತ್ತರ ಇಲ್ಲ. ಪಟ್ಟಿಯಲ್ಲಿ ಈಗಲೂ "ಒರಿಜಿನಲ್ ಒಪಿಎ 2134" ಅಂತಲೇ ಇದೆ. ನಿಮ್ಮ ಮನೆಯಲ್ಲಿ ಇಂಥ ಕಿಟ್ ಸದ್ದಿಲ್ಲದೆ ಡಬ್ಬಿ ಸೇರಿದ್ದರೆ ಹೊರಗೆ ತೆಗೆಯಿರಿ, ಆ 100 ಕೆ ರೆಸಿಸ್ಟರ್‌ಗೆ ತಂತಿ ತಾಗಿಸಿ ನೋಡಿ. ಅಂಕಿ ಕೆಳಗೆ ಬಿದ್ದರೆ ಕಿಟ್ ಮಾರಿದವರಿಗೆ ವಿಡಿಯೋ ಕಳಿಸಿ, ದುಡ್ಡು ಕೇಳಿ.