ಬಸ್, ಸ್ಕೂಟರ್, ಬೈಕ್: ಭರಮಸಾಗರದ ದಾರಿಯಲ್ಲಿ ಮೂರರಲ್ಲೂ ಓಡಾಡಿದ ಮೇಲೆ

ಸ್ಕೂಟರ್ ಮಾರಿ ಬೈಕ್ ಕೊಂಡು ಹದಿನಾಲ್ಕು ತಿಂಗಳಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಒಂದು ಆಷಾಢವನ್ನಾದರೂ ಪೂರ್ತಿ ಕಳೆಯದೆ ನಮ್ಮ ಕಡೆಯ ಹೆದ್ದಾರಿಯಲ್ಲಿ ಎರಡು ಚಕ್ರದ ಗಾಡಿ ಹೇಗೆ ಎಂದು ಹೇಳಲು ಬರುವುದಿಲ್ಲ. ಈಗ ಹೇಳಬಲ್ಲೆ: ನನಗೆ ಬೈಕೇ ಸರಿ. ನಾಳೆ ಮತ್ತೆ ಆರಿಸಬೇಕಾಗಿ ಬಂದರೂ ಅದನ್ನೇ ಆರಿಸುತ್ತೇನೆ.

ನನ್ನ ಮನೆ ದಾವಣಗೆರೆಯಲ್ಲಿ. ಪಾಠ ಮಾಡುವ ಶಾಲೆ ಭರಮಸಾಗರದಿಂದ ಏಳು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯಲ್ಲಿ. ಆನಗೋಡು, ಹೆಬ್ಬಾಳು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗಿ, ಆಮೇಲೆ ಹೊಲಗಳ ನಡುವಿನ ರಸ್ತೆ ಹಿಡಿಯಬೇಕು. ಮನೆ ಬಾಗಿಲಿನಿಂದ ಶಾಲೆಯ ಗೇಟಿಗೆ 44 ಕಿ.ಮೀ. ಮೊದಲ ಎರಡು ವರ್ಷ ಬಸ್ಸಿನಲ್ಲಿ, ನಂತರ ಒಂದೂವರೆ ವರ್ಷ 110 ಸಿಸಿಯ ಸ್ಕೂಟರಿನಲ್ಲಿ ಹೋದೆ. ಈಗ 150 ಸಿಸಿಯ ಹಳೆಯ ಬೈಕ್. ಸಹೋದ್ಯೋಗಿಯೊಬ್ಬರಿಂದ 62 ಸಾವಿರಕ್ಕೆ ಕೊಂಡದ್ದು.

ಬೈಕ್ ತರುತ್ತೇನೆಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇರುವಾಗ, ದುಡ್ಡು ಕೊಟ್ಟು ಅಪಾಯ ತರುವುದು ಯಾಕವ್ವ?" ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನನಗೆ ಬಸ್ಸಿನ ಖರ್ಚಿಲ್ಲ. ಸುರಕ್ಷತೆಯಲ್ಲೂ ಬಸ್ಸಿಗೆ ಎದುರಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಬಸ್ಸಿನೊಳಗೆ ಕುಳಿತು ಸತ್ತವರ ಸಂಖ್ಯೆ ಇದರ ಹತ್ತಿರಕ್ಕೂ ಬರುವುದಿಲ್ಲ. ಅಮ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಅವಳ ಭಯ ಸರಿಯಾಗಿಯೇ ಇತ್ತು.

ಬಸ್ಸನ್ನು ಬಿಟ್ಟದ್ದು ಆ ಏಳು ಕಿಲೋಮೀಟರಿನಿಂದ. ಬಸ್ಸು ನನ್ನನ್ನು ಭರಮಸಾಗರಕ್ಕೆ ಮುಟ್ಟಿಸುತ್ತದೆ, ಶಾಲೆಗಲ್ಲ. ಅಲ್ಲಿಂದ ಆಟೊ ತುಂಬುವವರೆಗೆ ಕಾಯಬೇಕು. ಸಂಜೆ ಅದೇ ಕಾಯುವಿಕೆ ತಿರುಗುಮುರುಗಾಗಿ. ಹೋಗಲು ಒಂದು ಗಂಟೆ ಐವತ್ತು ನಿಮಿಷ, ಬರಲು ಒಮ್ಮೊಮ್ಮೆ ಎರಡು ಗಂಟೆ ದಾಟುತ್ತಿತ್ತು. ಬೈಕಿನಲ್ಲಿ ಒಂದು ಗಂಟೆ ಐದು ನಿಮಿಷ ಸಾಕು. ದಿನಕ್ಕೆ ಒಂದೂವರೆ ಗಂಟೆ ಉಳಿಯಿತು. ನಾಲ್ಕನೇ ತರಗತಿಯ ಮಗಳು ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯಲ್ಲಿ ನನಗಾಗಿ ಕಾಯುತ್ತಿದ್ದ ಹೊತ್ತು ಅದು.

ಸ್ಕೂಟರಿನ ವಿಷಯ ಬೇರೆ. ಅದು ಕೆಟ್ಟ ಗಾಡಿ ಅಲ್ಲ. ಪಿ.ಜೆ. ಬಡಾವಣೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಅಷ್ಟೇ ಇದ್ದರೆ ಇವತ್ತಿಗೂ ಅದನ್ನೇ ಇಟ್ಟುಕೊಂಡಿರುತ್ತಿದ್ದೆ. ಹೆದ್ದಾರಿಗೆ ಅದನ್ನು ಒಯ್ದದ್ದು ನನ್ನ ತಪ್ಪು.

ಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಗಾಡಿ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಹಗಲಿಡೀ ಬೀಸುತ್ತದೆ, ಮಧ್ಯಾಹ್ನದ ಮೇಲೆ ಇನ್ನೂ ಜೋರಾಗುತ್ತದೆ. ನಮ್ಮ ಹೆದ್ದಾರಿ ದಾವಣಗೆರೆಯಿಂದ ಆಗ್ನೇಯಕ್ಕೆ ಓಡುತ್ತದೆ. ಹಾಗಾಗಿ ಬೆಳಿಗ್ಗೆ ಹೋಗುವಾಗ ಗಾಳಿ ಬಲಭುಜದ ಹಿಂದಿನಿಂದ ತಳ್ಳುತ್ತದೆ. ಅದು ಅಷ್ಟು ಕಷ್ಟವಲ್ಲ. ಸಂಜೆ ಬರುವಾಗ ಎಡ ಮುಂದಿನಿಂದ ಹೊಡೆಯುತ್ತದೆ. ಗಾಡಿಯ ವೇಗವೂ ಗಾಳಿಯ ವೇಗವೂ ಸೇರಿ ಹೊಡೆತ ಇಮ್ಮಡಿಯಾದಂತೆ ಅನ್ನಿಸುತ್ತದೆ. ಅದು ನಮ್ಮನ್ನು ತಳ್ಳುವುದು ಬಲಕ್ಕೆ, ಅಂದರೆ ಹಿಂದಿನಿಂದ ವೇಗವಾಗಿ ಬರುವ ವಾಹನಗಳ ಕಡೆಗೆ.

ಒಂದೇ ಸಮನೆ ಬೀಸಿದರೆ ಎಡಕ್ಕೆ ಸ್ವಲ್ಪ ವಾಲಿಕೊಂಡು ಹೋಗಬಹುದು. ಗಾಳಿ ನಿಂತಾಗಲೇ ಗಂಡಾಂತರ. ಎಡಗಡೆ ನಿಧಾನವಾಗಿ ಹೋಗುತ್ತಿರುವ ಲಾರಿಯನ್ನು ದಾಟಲು ಬಲಕ್ಕೆ ಬಂದಿರಿ ಎಂದುಕೊಳ್ಳಿ. ಲಾರಿಯ ಮರೆಗೆ ಬಂದ ಕ್ಷಣ ಗಾಳಿ ಇಲ್ಲ. ಗಾಳಿಗೆ ಎದುರಾಗಿ ಎಡಕ್ಕೆ ವಾಲಿದ್ದ ಗಾಡಿ ತಟ್ಟನೆ ಎಡಕ್ಕೇ, ಲಾರಿಯ ಚಕ್ರಗಳ ಕಡೆಗೇ ಸರಿಯುತ್ತದೆ. ಗಾಬರಿಯಲ್ಲಿ ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ಲಾರಿಯ ಮೂತಿ ದಾಟಿರುತ್ತೇವೆ. ಅಲ್ಲಿ ಕಾದು ಕುಳಿತಂತೆ ಗಾಳಿ ಪಕ್ಕೆಗೆ ಗುದ್ದುತ್ತದೆ, ಗಾಡಿ ರಸ್ತೆ ವಿಭಜಕದ ಕಡೆಗೆ ಹೋಗುತ್ತದೆ. ಇಷ್ಟೆಲ್ಲ ಆಗುವುದು ನಾಲ್ಕೈದು ಸೆಕೆಂಡಿನಲ್ಲಿ.

ಸ್ಕೂಟರಿನಲ್ಲಿ ನನಗೆ ಇದು ಮೊದಲ ಸಲ ಆದದ್ದು ಹೆಬ್ಬಾಳಿನ ಟೋಲ್‌ಗಿಂತ ಮೊದಲು, ಜುಲೈನ ಒಂದು ಸಂಜೆ. ವಿಭಜಕಕ್ಕೂ ನನಗೂ ಒಂದು ಮೊಳ ಉಳಿದಿತ್ತು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ ಹತ್ತು ನಿಮಿಷ ಕುಳಿತೆ. ಕೈ ನಡುಗುವುದು ನಿಲ್ಲಲಿಲ್ಲ.

ಸ್ಕೂಟರಿನ ಮುಂಭಾಗದ ಅಗಲವಾದ ತಗಡು ಮೊರದ ಹಾಗೆ ಗಾಳಿಗೆ ಒಡ್ಡಿಕೊಂಡಿರುತ್ತದೆ. ನನ್ನದರಲ್ಲಿ ಮುಂದೆ 12 ಇಂಚು, ಹಿಂದೆ 10 ಇಂಚಿನ ಪುಟ್ಟ ಚಕ್ರಗಳು. ಗಾಳಿ ಹೊಡೆದಾಗ ಹಿಡಿದುಕೊಳ್ಳಲು ಹ್ಯಾಂಡಲ್ ಒಂದೇ. ಮೊಣಕಾಲಿನ ನಡುವೆ ಏನೂ ಇರುವುದಿಲ್ಲ. ಇಡೀ ಮೈಯ ಭಯ ಅಂಗೈಗೆ ಇಳಿದು ಹ್ಯಾಂಡಲ್ ಅನ್ನು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿಯಾಗಿ ಹಿಡಿದಷ್ಟೂ ಗಾಡಿ ಅಲುಗಾಡುತ್ತದೆ. ಮೇಲಾಗಿ ನಾನು ಮಕ್ಕಳ ನೋಟ್‌ಪುಸ್ತಕ ತರಲೆಂದು ಹಿಂದೆ ಎತ್ತರದ ಪೆಟ್ಟಿಗೆಯನ್ನೂ ಹಾಕಿಸಿದ್ದೆ. ಅದು ಗಾಳಿಗೆ ಇನ್ನೊಂದು ಗೋಡೆ.

ಬೈಕಿನಲ್ಲಿ ಗಾಳಿ ಮಾಯವಾಗುವುದಿಲ್ಲ. ಆದರೆ 17 ಇಂಚಿನ ಚಕ್ರ ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. ಸ್ಕೂಟರಿಗಿಂತ ಮೂವತ್ತು ಕೆ.ಜಿ.ಗೂ ಹೆಚ್ಚಿರುವ ತೂಕ ಇಲ್ಲಿ ಉಪಕಾರಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ ಹಿಡಿಯಬಹುದು. ಆಗ ಕೈಗಳು ಸಡಿಲವಾಗುತ್ತವೆ. ಗಾಳಿ ಎಡದಿಂದ ಹೊಡೆದಾಗ ಎಡ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದರೆ ಬೈಕ್ ಎಡಕ್ಕೆ ವಾಲಿ ತನ್ನ ದಾರಿಯಲ್ಲೇ ಉಳಿಯುತ್ತದೆ. ಇದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಹಿಂದಿನ ಪೆಟ್ಟಿಗೆಯನ್ನು ಈ ಗಾಡಿಗೆ ಹಾಕಿಸಲೇ ಇಲ್ಲ, ನೋಟ್‌ಪುಸ್ತಕಗಳು ಸೀಟಿಗೆ ಕಟ್ಟಿದ ಚೀಲದಲ್ಲಿ ತಗ್ಗಿನಲ್ಲೇ ಕೂರುತ್ತವೆ. ಗಾಳಿಯ ದಿನ ವೇಗ 50 ದಾಟಿಸುವುದಿಲ್ಲ. ಲಾರಿಯನ್ನು ದಾಟಲೇಬೇಕಾದರೆ ಎರಡು ಮಾರು ದೂರ ಬಿಟ್ಟು ದಾಟುತ್ತೇನೆ, ಅಷ್ಟು ಜಾಗ ಇಲ್ಲದಿದ್ದರೆ ಅದರ ಹಿಂದೆಯೇ ದೂರ ಇಟ್ಟುಕೊಂಡು ಬರುತ್ತೇನೆ. ಕರೆಂಟಿನ ತಂತಿ ಶಿಳ್ಳೆ ಹಾಕುವಷ್ಟು ಗಾಳಿ ಇದ್ದರೆ ಬೈಕನ್ನು ಹೊರಗೆ ತೆಗೆಯುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಹನ್ನೊಂದು ದಿನ ಬಸ್ಸಿಗೆ ಹೋದೆ.

ಬ್ರೇಕ್: 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಲುಕದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ನನ್ನದು ಅದಾದ ಮೇಲಿನದು, ಮುಂದಿನ ಚಕ್ರಕ್ಕೆ ಎಬಿಎಸ್ ಇದೆ. ಹಳೆಯ ಬೈಕ್ ಹುಡುಕುವವರು ತಯಾರಾದ ವರ್ಷವನ್ನು ಮೊದಲು ನೋಡಬೇಕು, ಬಣ್ಣವನ್ನು ಆಮೇಲೆ. ಮಳೆಯಲ್ಲಿ ಎರಡು ಸಲ ನಾಯಿ ಅಡ್ಡ ಬಂದಾಗ ಅದು ನನ್ನನ್ನು ಉಳಿಸಿದೆ.

ಆದರೆ ಮೆಕ್ಕೆಜೋಳದ ಮೇಲೆ ಎಬಿಎಸ್ ಅನ್ನು ನಂಬಬೇಡಿ. ಕೊಯ್ಲಿನ ಕಾಲಕ್ಕೆ ನಮ್ಮ ಸರ್ವಿಸ್ ರಸ್ತೆಗಳೆಲ್ಲ ಕಣಗಳಾಗುತ್ತವೆ. ಕಾಳು ಹರಡಿದ ಅಂಚು ಎಲ್ಲಿ ಮುಗಿಯುತ್ತದೆ ಎಂದು ಇಳಿಬಿಸಿಲಿನಲ್ಲಿ ಕಾಣುವುದಿಲ್ಲ. ಚಕ್ರ ಸಿಲುಕಿ ನಿಲ್ಲದಂತೆ ಎಬಿಎಸ್ ನೋಡಿಕೊಳ್ಳುತ್ತದೆ, ಆದರೆ ಉರುಳುವ ಕಾಳಿನ ಮೇಲೆ ಹಿಡಿತವೇ ಇರುವುದಿಲ್ಲ. ಸ್ಕೂಟರಿದ್ದಾಗ ನಾನು ಬಿದ್ದದ್ದು ಹಾಗೆಯೇ, ಮೂವತ್ತರ ವೇಗದಲ್ಲಿ. ಕಾಳು ಹರವುತ್ತಿದ್ದ ಅಜ್ಜ ಓಡಿಬಂದು ಗಾಡಿ ಎತ್ತಿ, "ಪೆಟ್ಟಾಯಿತೇನು ತಾಯಿ, ಇನ್ನು ಮೇಲೆ ಕಲ್ಲಿಡುತ್ತೇನೆ" ಎಂದು ಕೈ ಮುಗಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಣಗಿಸದ ಜೋಳಕ್ಕೆ ಬೆಲೆ ಸಿಗುವುದಿಲ್ಲ, ಊರಿನಲ್ಲಿ ಅಷ್ಟು ದೊಡ್ಡ ಕಣವೂ ಇಲ್ಲ. ಈಗ ಅಕ್ಟೋಬರ್ ಬಂತೆಂದರೆ ಸರ್ವಿಸ್ ರಸ್ತೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ವೇಗ ಹೋಗುವುದಿಲ್ಲ, ಕಾಳಿನ ಮೇಲೆ ಬ್ರೇಕ್ ಮುಟ್ಟುವುದಿಲ್ಲ.

ಅವತ್ತು ನೆಲಕ್ಕೆ ಬಡಿದದ್ದು ಗಲ್ಲದ ಭಾಗ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿದ್ದರಿಂದ ಗೀರು ಬಿದ್ದದ್ದು ಅದರ ಮೇಲೆ. ಅರ್ಧ ಹೆಲ್ಮೆಟ್ ಆಗಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಯ ಗಾಯದ ಅಪಾಯವನ್ನು ಶೇ 69ರಷ್ಟು ಇಳಿಸುತ್ತದೆ. ಐಎಸ್‌ಐ ಗುರುತಿಲ್ಲದ, ಪಟ್ಟಿ ಬಿಗಿಯದ ಹೆಲ್ಮೆಟ್ಟಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಲಿಲ್ಲ, ಹೊಸದು ಕೊಂಡೆ.

ಉಡುಪು: ಹೆಂಗಸರು ಬೈಕ್ ಓಡಿಸುವುದಕ್ಕೆ ಇದೇ ಅಡ್ಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಸೀರೆಯನ್ನು ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಗಾಡಿಯ ಮೇಲೆ ವೇಲಿಲ್ಲದ ಚೂಡಿದಾರ್, ಮೇಲೊಂದು ದಪ್ಪ ಜಾಕೆಟ್. ಗಾಳಿಗೆ ಹಾರುವ ಬಟ್ಟೆ ಯಾವುದೂ ಬೇಡ.

ಖರ್ಚಿನಲ್ಲಿ ಬೈಕ್ ಸೋಲುತ್ತದೆ. ದಿನಕ್ಕೆ 88 ಕಿ.ಮೀ., ಲೀಟರಿಗೆ 48 ಕೊಡುತ್ತದೆ, ಪೆಟ್ರೋಲ್ ನೂರು ರೂಪಾಯಿ ದಾಟಿದೆ. ತಿಂಗಳಿಗೆ ನಾಲ್ಕೂವರೆ ಸಾವಿರದ ಹತ್ತಿರ. ಬಸ್ಸಿದ್ದಾಗ ಆಟೊಗೆ ಒಂದು ಸಾವಿರವೂ ಆಗುತ್ತಿರಲಿಲ್ಲ. ಸ್ಕೂಟರಿನ ಪೆಟ್ರೋಲ್ ಖರ್ಚು ಬೈಕಿನಷ್ಟೇ ಇತ್ತು, ಆ ವಿಷಯದಲ್ಲಿ ಅದು ಏನೂ ಉಳಿಸಲಿಲ್ಲ. ಇಷ್ಟು ಕೊಡಲು ಸಾಧ್ಯವಾಗಿರುವುದು ನನಗೆ ಖಾಯಂ ಸಂಬಳ ಇರುವುದರಿಂದ. ಅತಿಥಿ ಶಿಕ್ಷಕಿಯಾಗಿದ್ದ ಕಾಲದಲ್ಲಾಗಿದ್ದರೆ ಬಸ್ಸೇ ಗತಿ, ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಸಾಲ ಮಾಡಿ ಬೈಕ್ ತರಬೇಡಿ ಎನ್ನುತ್ತೇನೆ.

ಇನ್ನು ಸಂತೋಷದ ಮಾತು. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನ ಕೆರೆ ನನ್ನ ದಾರಿಯ ಮಗ್ಗುಲಲ್ಲಿದೆ. ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದಲೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಈಗ ಬೆಳಿಗ್ಗೆ ಹೊತ್ತಿದ್ದರೆ ಏರಿಯ ಬಳಿ ಐದು ನಿಮಿಷ ನಿಲ್ಲುತ್ತೇನೆ. ಚಳಿಗಾಲದಲ್ಲಿ ಈರುಳ್ಳಿ ಹೊಲದ ವಾಸನೆ ಹೆಲ್ಮೆಟ್ಟಿನೊಳಗೂ ಬರುತ್ತದೆ. ಎಂಟನೇ ತರಗತಿಯ ಇಬ್ಬರು ಹುಡುಗಿಯರು ಗೇಟಿನ ಬಳಿ ಕಾದಿದ್ದು ಗೇರ್ ಹೇಗೆ ಬದಲಿಸುತ್ತೀರಿ ಮಿಸ್ ಎಂದು ಕೇಳುತ್ತಾರೆ. ಲೈಸೆನ್ಸಿನ ವಯಸ್ಸಾಗಲಿ, ಆಮೇಲೆ ಕಲಿಸುತ್ತೇನೆ ಎಂದಿದ್ದೇನೆ. ಹೆದರಿಕೆಯನ್ನೂ ಈ ಖುಷಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ನನಗೆ ಬರುವುದಿಲ್ಲ. ಹೆದರಿಕೆಯನ್ನು ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಿದ್ದೇನೆ, ಖುಷಿಯನ್ನು ಬಿಟ್ಟುಕೊಟ್ಟಿಲ್ಲ.

ಕತ್ತಲಾದ ಮೇಲೆ ಮಾತ್ರ ಬಸ್ಸು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಗಾಡಿಗಳು. ಇವಕ್ಕೆ ನನ್ನ ಬಳಿ ಯಾವ ಉಪಾಯವೂ ಇಲ್ಲ. ಶಾಲೆಯಲ್ಲಿ ಸಭೆಯಿದೆ, ತಡವಾಗುತ್ತದೆ ಎಂದು ಗೊತ್ತಾದ ದಿನ ಬೈಕನ್ನು ಮನೆಯಲ್ಲೇ ಬಿಡುತ್ತೇನೆ.

ದಾವಣಗೆರೆ ಊರೊಳಗೇ ಓಡಾಡುವವರಿಗೆ ಸ್ಕೂಟರ್ ಸಾಕು. ಹೆದ್ದಾರಿಯ ಪಕ್ಕದಲ್ಲೇ ಕೆಲಸವಿದ್ದು ಬಸ್ಸು ಬಾಗಿಲಿಗೆ ಬಿಡುವುದಾದರೆ ಬಸ್ಸನ್ನು ಬಿಡಬೇಡಿ. ನನ್ನಂತೆ ಒಳದಾರಿಯ ಏಳೆಂಟು ಕಿಲೋಮೀಟರ್ ಇದ್ದು, ಮನೆಯಲ್ಲಿ ಕಾಯುವ ಮಗುವಿದ್ದು, ಗಾಳಿಯ ದಿನ ಗಾಡಿಯನ್ನು ಒಳಗೇ ಇಡುವ ತಾಳ್ಮೆ ಇದ್ದರೆ ಬೈಕ್ ತನ್ನಿ. ಅಮ್ಮ ಈಗಲೂ ನಾನು ಶಾಲೆ ಮುಟ್ಟಿದ ಫೋನ್ ಬರುವವರೆಗೆ ತಿಂಡಿ ಮುಟ್ಟುವುದಿಲ್ಲ. ಒಂಬತ್ತೂಕಾಲಿಗೆ ಸರಿಯಾಗಿ, ಗೇಟಿನೊಳಗೆ ನಿಂತು, ಹೆಲ್ಮೆಟ್ ತೆಗೆಯುವ ಮೊದಲೇ ಆ ಫೋನ್ ಮಾಡುತ್ತೇನೆ.